ಗೊಂಬೆಯ ಬೆಲೆಯಲ್ಲ, ಡ್ಯೂಟಿಯ ಲೆಕ್ಕ

ಹುಟ್ಟಿದ ಮಗು ಅಳಲಿಲ್ಲ, ಒರೆಸಿ ಬೆನ್ನು ಉಜ್ಜಿದರೂ ಉಸಿರಾಡಲಿಲ್ಲ ಅಂದ್ರೆ ಮೊದಲ ಒಂದು ನಿಮಿಷದೊಳಗೆ ಆಂಬು ಬ್ಯಾಗ್ (ಮಾಸ್ಕ್ ಮೂಲಕ ಶ್ವಾಸಕೋಶಕ್ಕೆ ಗಾಳಿ ಕೊಡುವ, ಕೈಯಿಂದ ಒತ್ತುವ ಚೀಲ) ಒತ್ತಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ತರಬೇತಿಗೆ ಖರ್ಚಿನ ಪಟ್ಟಿ ಮಾಡಲು ಕೂತಾಗ ನಾನು ಮೊದಲು ಬರೆದಿದ್ದು ಅಭ್ಯಾಸ ಮಾಡುವ ಮಗುವಿನ ಗೊಂಬೆಯ ಬೆಲೆ. ಅದು ತಪ್ಪು ಲೆಕ್ಕ.

ಕಂಪ್ಯೂಟರ್‌ಗೆ ಜೋಡಿಸುವ ತರಬೇತಿ ಗೊಂಬೆ, ಅಂದರೆ ಮ್ಯಾನಿಕಿನ್‌ಗೆ ಲಕ್ಷಗಟ್ಟಲೆ ಬೇಕು. ನಿಯೋನಟಾಲಿ ಅನ್ನೋ ಸಾದಾ ಗೊಂಬೆಗೆ ಅಷ್ಟು ಬೇಡ. ನೀರು ತುಂಬಿದರೆ ಮಗುವಿನಷ್ಟೇ ಭಾರ. ಬಲ್ಬ್ ಹಿಸುಕಿದರೆ ಹೊಕ್ಕುಳಬಳ್ಳಿ ಮಿಡಿಯುತ್ತೆ. ಕರೆಂಟೂ ಬೇಡ. ಮಾಸ್ಕ್ ಹಿಡಿಯೋದು ಕಲಿಯಲು ಇದು ಧಾರಾಳ ಸಾಕು.

ದುಬಾರಿಯಾಗಿದ್ದು ಸಿಸ್ಟರ್‌ಗಳ ಸಮಯ. ನವಜಾತ ಶಿಶು ಸುರಕ್ಷಾ ತರಬೇತಿ ಎರಡು ದಿನದ್ದು. ನಮ್ಮಲ್ಲಿ 16 ಜನ. ಅಲ್ಲಿಗೆ 32 ಡ್ಯೂಟಿ ಹೋಯ್ತು. ಅದು ಯಾವ ಬಿಲ್ಲಿನಲ್ಲೂ ಕಾಣಲ್ಲ. ರಾತ್ರಿ ಪಾಳಿ ಮುಗಿಸಿದವರು ನಿದ್ದೆಗಣ್ಣಲ್ಲೇ ಬಂದು ಕೂರುತ್ತಿದ್ದರು, ಉಳಿದವರಿಗೆ ಡಬಲ್ ಡ್ಯೂಟಿ. ಇಷ್ಟಾಗಿಯೂ ಕೆಲವೇ ತಿಂಗಳಲ್ಲಿ ಕೈ ಮರೆಯುತ್ತಿತ್ತು.

ಹಾಗಾಗಿ ಎರಡು ದಿನದ ತರಬೇತಿ ಮುಗಿದ ಮೇಲೆ ಗೊಂಬೆಯನ್ನು ಸ್ಟೋರ್ ಬೀರುವಿಗೆ ಕಳಿಸಲಿಲ್ಲ. ಲೇಬರ್ ರೂಮಿನಲ್ಲೇ, ಮಗುವನ್ನು ಬೆಚ್ಚಗಿಡುವ ವಾರ್ಮರ್ ಪಕ್ಕದ ಮೇಜಿನ ಮೇಲೆ ಇಟ್ಟೆ. ಬೆಳಿಗ್ಗೆ ಪಾಳಿ ಬದಲಾಗುವಾಗ ಇಬ್ಬರು, ಹತ್ತು ನಿಮಿಷ. ಒಂದು ದಿನ ಹೊಸದಾಗಿ ಸೇರಿದ ಸಿಸ್ಟರ್ ಬ್ಯಾಗ್ ಒತ್ತುತ್ತಿದ್ದರು, ಗೊಂಬೆಯ ಎದೆ ಏಳಲೇ ಇಲ್ಲ. "ಮೇಡಂ, ಬ್ಯಾಗ್ ಹಾಳಾಗಿದೆ" ಅಂದರು. ಹಿರಿಯ ಸಿಸ್ಟರ್ ಕಿವಿಗೊಟ್ಟು ಕೇಳಿ, "ಗಲ್ಲದ ಹತ್ರ ಗಾಳಿ ಸೋರ್ತಿದೆ ನೋಡಮ್ಮಾ" ಅಂತ ಅವರ ಬೆರಳನ್ನು ದವಡೆ ಮೂಳೆಯ ಕೆಳಗೆ ಸರಿಸಿದರು. ಭುಜದಡಿ ಬಟ್ಟೆ ಮಡಿಸಿಟ್ಟರು. ಮುಂದಿನ ಒತ್ತಿಗೇ ಎದೆ ಎದ್ದಿತು. "ಒತ್ತು, ಎರಡು, ಮೂರು" ಅಂತ ಇಬ್ಬರೂ ಜೋರಾಗಿ ಎಣಿಸಿದರು.

ಬೆಳಗಾವಿ ಕಡೆ ಹೆರಿಗೆ ಮಾಡಿಸುವವರಿಗೆ ಇಂಥದೇ ಗೊಂಬೆಯಲ್ಲಿ ಕಲಿಸಿದ ಮೇಲೆ, ಸತ್ತು ಹುಟ್ಟುವ ಮಕ್ಕಳ ಪ್ರಮಾಣ ಶೇ. 3ರಿಂದ 2.3ಕ್ಕೆ ಇಳಿದಿದ್ದು 2013ರಲ್ಲಿ ಪ್ರಕಟವಾಗಿದೆ. ಸತ್ತಿದೆ ಅಂದುಕೊಂಡ ಕೆಲವು ಮಕ್ಕಳಿಗೆ ಬೇಕಿದ್ದದ್ದು ಉಸಿರು ಅಷ್ಟೇ, ಅಲ್ವಾ?

ಅಭ್ಯಾಸಕ್ಕೆ ಬೇರೆಯೇ ಬ್ಯಾಗ್, 0 ಮತ್ತು 1ನೇ ಸೈಜಿನ ಮಾಸ್ಕ್ ತರಿಸಿ. ಮಗುವಿಗಿಟ್ಟ ಬ್ಯಾಗನ್ನು ಯಾವತ್ತೂ ಅಭ್ಯಾಸಕ್ಕೆ ಎತ್ತಬೇಡಿ, ಹೆರಿಗೆಯ ಹೊತ್ತಿಗೆ ಹುಡುಕಾಡಬೇಕಾಗುತ್ತೆ. ಈ ಸಲದ ಖರ್ಚಿನ ಪಟ್ಟಿಯಲ್ಲಿ ನಾನು ಮೊದಲ ಸಾಲಿಗೆ ಬರೆದಿದ್ದು ತರಬೇತಿಯ ದಿನಗಳಿಗೆ ಬದಲಿ ನರ್ಸ್. ಗೊಂಬೆ ನಾಲ್ಕನೇ ಸಾಲಿನಲ್ಲಿದೆ.