ಮಳೆಗಾಲದ ಮಡಿಕೇರಿಯಲ್ಲಿ ಗ್ಲೂಟೆನ್ ಇಲ್ಲದ ಪೀನಟ್ ಬಟರ್–ಓಟ್ಸ್ ಕುಕೀಸ್

ಬ್ರೆಡ್‌ಗೆ ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನಿನ ಜಿಗುಟು ಬೇಕು. ಅದಿಲ್ಲದಿದ್ದರೆ ಉಬ್ಬಿದ ಹಿಟ್ಟು ಕುಸಿದು ಕೂರುತ್ತದೆ. ಕುಕೀಸ್‌ಗೆ ಅದರ ಅಗತ್ಯವಿಲ್ಲ. ಜಿಗುಟು ಹೆಚ್ಚಾದರೆ ಕುಕೀಸ್ ಗಡುಸಾಗುತ್ತದೆ ಅಷ್ಟೆ. ಪೀನಟ್ ಬಟರ್ ಹಾಕಿದ ಕುಕೀಸ್‌ನಲ್ಲಂತೂ ಕಡಲೆಬೀಜದ ಪ್ರೋಟೀನು, ಮೊಟ್ಟೆ, ಓಟ್ಸ್‌ನ ಪಿಷ್ಟ ಮೂರೂ ಸೇರಿ ಹಿಡಿದಿಡುತ್ತವೆ. ಹಾಗಾಗಿ ಗೋಧಿ ಬಿಡುವುದು ಇಲ್ಲಿ ಕಷ್ಟದ ಕೆಲಸವೇ ಅಲ್ಲ. ಕೊಡಗಿನಲ್ಲಿ ಕಷ್ಟ ಕೊಡುವುದು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಲ್ಲ ಒಸರುತ್ತದೆ, ಓಟ್ಸ್ ಮೆತ್ತಗಾಗುತ್ತದೆ, ಕಡಲೆಬೀಜಕ್ಕೆ ಬೂಷ್ಟು ಹಿಡಿಯುತ್ತದೆ, ಗರಿಗರಿಯಾಗಿ ಬೆಂದ ಕುಕೀಸ್ ಬೆಳಗಾಗುವಷ್ಟರಲ್ಲಿ ಮೆದುವಾಗಿರುತ್ತದೆ. ನಾನು ಮಾಡುವ ವಿಧಾನದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಜ್ಜೆಗಳು ನೀರಿನಂಶವನ್ನು ಹೊರಗಿಡಲೆಂದೇ ಇವೆ.

ಮೊದಲು ಗ್ಲೂಟೆನ್ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿಕೊಳ್ಳಿ. ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಎಂದು ಅಕ್ಕಿಯ ತಿಂಡಿಗಳನ್ನೇ ಮಾಡುವ ಕೊಡಗಿನ ಮನೆಗೆ ಗ್ಲೂಟೆನ್ ಇಲ್ಲದ ಅಡುಗೆ ಹೊಸದೇನಲ್ಲ. ಆದರೆ ಅದೇ ಮನೆಯ ಜರಡಿಯಲ್ಲಿ ಮೈದಾ ಜರಡಿ ಹಿಡಿದಿರುತ್ತಾರೆ, ಮಿಕ್ಸಿ ಜಾರಿನಲ್ಲಿ ಗೋಧಿ ಪುಡಿ ಮಾಡಿರುತ್ತಾರೆ. ಜರಡಿಯ ಕಣ್ಣುಗಳಲ್ಲಿ, ಜಾರಿನ ಮುಚ್ಚಳದ ರಬ್ಬರಿನ ಅಡಿಯಲ್ಲಿ ಉಳಿದ ಹಿಟ್ಟು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಗ್ಲೂಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಅಷ್ಟೇ ಸಾಕು ಹೊಟ್ಟೆ ಕೆಡಲು. ಅವರಿಗಾಗಿ ಮಾಡುವುದಾದರೆ ಒಂದು ಜರಡಿ, ಒಂದು ಮಿಕ್ಸಿ ಜಾರು, ಒಂದು ಮರದ ಸೌಟು ಬೇರೆಯೇ ಇರಲಿ. ಅಕ್ಕಿ ಹಿಟ್ಟು, ರಾಗಿ ಹಿಟ್ಟನ್ನು ಗಿರಣಿಯಲ್ಲಿ ಬೀಸಿಸಿ ತರುವುದೂ ಬೇಡ, ಅದೇ ಕಲ್ಲಿನಲ್ಲಿ ಗೋಧಿ ಬೀಸಿರುತ್ತಾರೆ. ಬೇಕಾದಷ್ಟನ್ನು ಮನೆಯಲ್ಲೇ ಪುಡಿ ಮಾಡಿಕೊಳ್ಳಿ.

ಓಟ್ಸ್‌ನ ಕಥೆಯೂ ಅದೇ. ಅದರಲ್ಲಿ ಹುಟ್ಟಿನಿಂದ ಗೋಧಿಯ ಗ್ಲೂಟೆನ್ ಇಲ್ಲ, ಆದರೆ ಹೊಲ, ಲಾರಿ, ಕಾರ್ಖಾನೆಗಳಲ್ಲಿ ಗೋಧಿ, ಬಾರ್ಲಿಯ ಜೊತೆ ಬೆರೆಯುತ್ತದೆ. ಮಾಮೂಲಿ ಓಟ್ಸ್ ಪೊಟ್ಟಣ ಸಾಲದು, ‘ಗ್ಲೂಟೆನ್ ಫ್ರೀ’ ಎಂದು ಮುದ್ರಿಸಿದ್ದನ್ನೇ ಕೊಳ್ಳಬೇಕು. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದ ಪ್ರಕಾರ ಹಾಗೆ ಮುದ್ರಿಸಲು ಒಂದು ಕೆ.ಜಿ. ಆಹಾರದಲ್ಲಿ ಗ್ಲೂಟೆನ್ 20 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಇಷ್ಟಾದರೂ ಸೀಲಿಯಾಕ್ ಇರುವ ಕೆಲವರಿಗೆ ಓಟ್ಸ್‌ನದೇ ಆದ ಅವೆನಿನ್ ಎಂಬ ಪ್ರೋಟೀನು ಒಗ್ಗುವುದಿಲ್ಲ. ಅಂಥವರಿಗೆ ಓಟ್ಸ್ ಬದಲು ಗಟ್ಟಿ ಅವಲಕ್ಕಿಯನ್ನು ಬೆಚ್ಚಗೆ ಹುರಿದು ತರಿತರಿಯಾಗಿ ಪುಡಿ ಮಾಡಿ ಅಷ್ಟೇ ತೂಕ ಹಾಕುತ್ತೇನೆ. ರುಚಿ ಸ್ವಲ್ಪ ಬೇರೆ, ಕಡಿದು ತಿನ್ನಲು ಇನ್ನೂ ಚೆನ್ನಾಗಿರುತ್ತದೆ. ಬರೀ ಅಕ್ಕಿ ಹಿಟ್ಟು ಹಾಕಿದರೆ ಮರಳು ಮರಳಾಗುತ್ತದೆ.

ಸುಮಾರು 24 ಕುಕೀಸ್‌ಗೆ ನಾನು ಹಾಕುವ ಅಳತೆ ಇದು. ಲೋಟ, ಕಪ್ಪು ಬಿಟ್ಟು ತೂಕದಲ್ಲೇ ಅಳೆಯಿರಿ. ಮಳೆಗಾಲದ ಬೆಲ್ಲದ ಪುಡಿ ಕಪ್ಪಿನಲ್ಲಿ ಒತ್ತಿಕೊಂಡು ಕೂರುತ್ತದೆ, ಬೇಸಿಗೆಯದ್ದು ಹಗುರವಾಗಿ ನಿಲ್ಲುತ್ತದೆ.

ಪೀನಟ್ ಬಟರ್ – 250 ಗ್ರಾಂ
ಬೆಲ್ಲದ ಪುಡಿ – 100 ಗ್ರಾಂ
ಮೊಟ್ಟೆ – 1
ರೋಲ್ಡ್ ಓಟ್ಸ್ – 120 ಗ್ರಾಂ, ಜೊತೆಗೆ ನುಣ್ಣಗೆ ಪುಡಿ ಮಾಡಿದ ಓಟ್ಸ್ – 40 ಗ್ರಾಂ
ಅಡುಗೆ ಸೋಡಾ – ಅರ್ಧ ಟೀ ಚಮಚ, ತಲೆ ಮಟ್ಟ ಮಾಡಿ
ಉಪ್ಪು – ಕಾಲು ಟೀ ಚಮಚ
ಏಲಕ್ಕಿ ಪುಡಿ – ಅರ್ಧ ಟೀ ಚಮಚ
ಚೂರು ಮಾಡಿದ ಡಾರ್ಕ್ ಚಾಕೊಲೇಟ್ ಅಥವಾ ಒಣದ್ರಾಕ್ಷಿ – 40 ಗ್ರಾಂ

ಪೀನಟ್ ಬಟರ್ ಮನೆಯಲ್ಲೇ ಮಾಡುವುದು ಒಳ್ಳೆಯದು. ಅಂಗಡಿಯದರಲ್ಲಿ ಹಲವಕ್ಕೆ ಸಕ್ಕರೆ, ಉಪ್ಪು, ಎಣ್ಣೆ ಬೇರ್ಪಡದಂತೆ ತಡೆಯುವ ಗಟ್ಟಿ ಕೊಬ್ಬು ಸೇರಿಸಿರುತ್ತಾರೆ. ಅದನ್ನೇ ಬಳಸಿದರೆ ಉಪ್ಪು ಬಿಡಿ, ಬೆಲ್ಲ 70 ಗ್ರಾಂಗೆ ಇಳಿಸಿ.

ಕಡಲೆಬೀಜ ಕೊಡಗಿನ ಬೆಳೆಯಲ್ಲ, ಚಳ್ಳಕೆರೆ, ಪಾವಗಡದಂಥ ಬಯಲುಸೀಮೆಯಿಂದ ಬರಬೇಕು. ಬಂದ ಮೇಲೆ ಇಲ್ಲಿಯ ಗೋದಾಮಿನಲ್ಲಿ ಎಷ್ಟು ದಿನ ಕೂತಿತ್ತು ಎಂಬುದೇ ಮುಖ್ಯ. ಅಂಗೈಯಲ್ಲಿ ಹರಡಿ ನೋಡಿ. ಮುರುಟಿದ್ದು, ಕಪ್ಪಾಗಿದ್ದು, ಹಸಿರು-ಬೂದು ಬಣ್ಣದ ಬೂಷ್ಟು ಹಿಡಿದಿದ್ದು ಕಂಡರೆ ಎತ್ತಿ ಎಸೆಯಿರಿ. ಅಂಥವು ಬಹಳ ಇದ್ದರೆ ಆ ಪೊಟ್ಟಣವೇ ಬೇಡ. ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಆರೋಗ್ಯಕ್ಕೆಂದು ಮಾಡುವ ತಿಂಡಿಯಲ್ಲಿ ಬೆಲ್ಲವೋ ಸಕ್ಕರೆಯೋ ಎಂಬ ಚರ್ಚೆಗಿಂತ ಈ ಆರಿಸುವ ಕೆಲಸ ದೊಡ್ಡದು.

300 ಗ್ರಾಂ ಹಸಿ ಬೀಜವನ್ನು ಓಟಿಜಿಯಲ್ಲಿ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) 160 ಡಿಗ್ರಿಗೆ 15ರಿಂದ 18 ನಿಮಿಷ ಹುರಿಯಿರಿ, ನಡುವೆ ಒಮ್ಮೆ ಕೈಯಾಡಿಸಿ. ದಪ್ಪ ಬಾಣಲೆಯಲ್ಲಾದರೆ ಸಣ್ಣ ಉರಿ. ಒಂದನ್ನು ಎರಡಾಗಿ ಸೀಳಿದಾಗ ಒಳಗೆ ತಿಳಿ ಹೊಂಬಣ್ಣ ಕಂಡರೆ ತೆಗೆಯಬೇಕು, ಏಕೆಂದರೆ ಹೊರಗೆ ಬಂದ ಮೇಲೂ ತನ್ನ ಬಿಸಿಗೇ ಇನ್ನಷ್ಟು ಹುರಿಯುತ್ತದೆ. ಬಟ್ಟೆಯಲ್ಲಿ ತಿಕ್ಕಿ ಸಿಪ್ಪೆ ಹಾರಿಸಿ. ಅಲ್ಲಲ್ಲಿ ಉಳಿದರೆ ಪರವಾಗಿಲ್ಲ, ಎಲ್ಲವೂ ಉಳಿದರೆ ಒಗರು. ಇನ್ನೂ ಉಗುರು ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿ, 30 ಸೆಕೆಂಡ್ ಓಡಿಸಿ, ನಿಲ್ಲಿಸಿ, ಅಂಚು ಕೆರೆದು ಮತ್ತೆ ಓಡಿಸಿ. ಮೊದಲು ಪುಡಿ, ಆಮೇಲೆ ಮುದ್ದೆ, ಕೊನೆಗೆ ಎಣ್ಣೆ ಬಿಟ್ಟು ಹರಿಯುವ ಹದ. ಮುದ್ದೆಯ ಹಂತದಲ್ಲಿ ಹೆಚ್ಚಿನವರು ಕೈಬಿಟ್ಟು ನೀರು ಹಾಕುತ್ತಾರೆ. ಒಂದು ಹನಿಯೂ ಬೇಡ. ನೀರು ಬಿದ್ದರೆ ಅದು ಬಿಗಿದುಕೊಂಡು ಚಟ್ನಿಯಂತಾಗುತ್ತದೆ, ಬೇಗ ಹಳಸುತ್ತದೆ. ಮೋಟಾರು ಬಿಸಿಯಾಗಿದ್ದರೆ ಐದು ನಿಮಿಷ ಬಿಟ್ಟು ಮುಂದುವರಿಸಿ, ಎಣ್ಣೆ ತಾನಾಗಿಯೇ ಬರುತ್ತದೆ. ಸಿಪ್ಪೆ, ತೇವ, ಜಾರಿಗೆ ಅಂಟಿದ್ದು ಎಲ್ಲ ಕಳೆದು 250 ಗ್ರಾಂ ಕೈಗೆ ಸಿಗುತ್ತದೆ, ಒಂದೆರಡು ಚಮಚ ಹೆಚ್ಚೂ ಉಳಿಯಬಹುದು.

ಓಟ್ಸ್ ಆರಿಸುವಾಗ ರೋಲ್ಡ್ ಓಟ್ಸ್ ತೆಗೆದುಕೊಳ್ಳಿ. ಇನ್‌ಸ್ಟಂಟ್ ಓಟ್ಸ್ ನೀರು ಎಳೆದು ಹಿಟ್ಟಾಗಿಬಿಡುತ್ತದೆ, ಸ್ಟೀಲ್ ಕಟ್ ಓಟ್ಸ್ ಹದಿಮೂರು ನಿಮಿಷದಲ್ಲಿ ಬೇಯದೆ ಹಲ್ಲಿಗೆ ಕಲ್ಲಾಗುತ್ತದೆ. ಮಳೆಗಾಲದಲ್ಲಿ ಅಳತೆ ಮಾಡುವ ಮೊದಲು ಓಟ್ಸ್ ಅನ್ನು ತಟ್ಟೆಯಲ್ಲಿ ಹರಡಿ 150 ಡಿಗ್ರಿಗೆ ಎಂಟು ನಿಮಿಷ ಇಡುತ್ತೇನೆ. ಕಡಲೆಬೀಜ ತೆಗೆದ ಓಟಿಜಿ ಹೇಗೂ ಬಿಸಿ ಇರುತ್ತದೆ. ತೇವವೂ ಹೋಗುತ್ತದೆ, ಘಮವೂ ಬರುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಈ ಹೆಜ್ಜೆ ಬಿಡಬಹುದು.

ಬೆಲ್ಲದ ಪುಡಿಯನ್ನು ಜರಡಿ ಹಿಡಿಯಲೇಬೇಕು. ಗಂಟು ಉಳಿದರೆ ಓವನ್ನಿನಲ್ಲಿ ಕರಗಿ ಹರಿದು ಕಪ್ಪು ಚುಕ್ಕೆಯಾಗಿ ಸುಟ್ಟುಕೊಳ್ಳುತ್ತದೆ. ಜೋನಿ ಬೆಲ್ಲದಲ್ಲಿ ನೀರು ಹೆಚ್ಚು, ಕುಕೀಸ್ ಕೇಕಿನ ಹಾಗೆ ಮೆದುವಾಗುತ್ತದೆ; ನನಗೆ ಹಿಡಿಸಲಿಲ್ಲ. ಜೇನು ಹಾಕುವುದಾದರೆ 80 ಗ್ರಾಂ ಸಾಕು, ಓಟ್ಸ್ ಪುಡಿ 20 ಗ್ರಾಂ ಹೆಚ್ಚಿಸಿ, ಉರಿ 160 ಡಿಗ್ರಿಗೆ ಇಳಿಸಿ, ಏಕೆಂದರೆ ಜೇನಿನ ಸಕ್ಕರೆ ಬೇಗ ಕೆಂಪಾಗುತ್ತದೆ. ಜೇನು ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತು. ನಮ್ಮ ಕಾಡಿನ ಜೇನು ಎಷ್ಟೇ ಒಳ್ಳೆಯದಿರಲಿ, ಜುಲೈ ತಿಂಗಳಲ್ಲಿ ಗರಿಗರಿ ಕುಕೀಸ್ ಬೇಕೆನ್ನುವವರು ಅದನ್ನು ಬದಿಗಿಡುವುದೇ ಸರಿ.

ಕಲಸುವುದು ಐದು ನಿಮಿಷದ ಕೆಲಸ. ಪೀನಟ್ ಬಟರ್, ಬೆಲ್ಲ, ಮೊಟ್ಟೆ ಸೇರಿಸಿ ಹೊಳಪು ಬರುವವರೆಗೆ ತಿರುವಿ. ಓಟ್ಸ್ ಪುಡಿ, ಸೋಡಾ, ಉಪ್ಪು, ಏಲಕ್ಕಿ ಒಟ್ಟಿಗೆ ಜರಡಿ ಹಿಡಿದು ಹಾಕಿ, ಕೊನೆಗೆ ಓಟ್ಸ್ ಮತ್ತು ಚಾಕೊಲೇಟ್. ಮೊಟ್ಟೆ ಬೇಡದವರು ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಬಹುದು. ಬಾಳೆಹಣ್ಣು ಹಾಕಬೇಡಿ, ಎರಡನೇ ದಿನಕ್ಕೇ ಜಿಬುಜಿಬು. ಕಲಸಿದ್ದನ್ನು ಮುಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಈ ಅವಧಿಯಲ್ಲಿ ಓಟ್ಸ್ ಮೊಟ್ಟೆಯ ನೀರನ್ನು ಎಳೆದುಕೊಳ್ಳುತ್ತದೆ, ಎಣ್ಣೆ ಗಟ್ಟಿಯಾಗುತ್ತದೆ. ಇದನ್ನು ಬಿಟ್ಟರೆ ತಟ್ಟೆಯ ಮೇಲೆ ಕುಕೀಸ್ ಹರಡಿಕೊಂಡು ಒಂದಕ್ಕೊಂದು ಅಂಟುತ್ತವೆ.

ಈಗ 25 ಗ್ರಾಂನ ಉಂಡೆಗಳನ್ನು ಮಾಡಿ ತಟ್ಟೆಯ ಮೇಲಿಟ್ಟು, ಫೋರ್ಕಿನಿಂದ ಅಡ್ಡ ಮತ್ತು ಉದ್ದ ಒತ್ತಿ ಒಂದು ಸೆಂಟಿಮೀಟರ್ ದಪ್ಪಕ್ಕೆ ಇಳಿಸಿ. ಫೋರ್ಕಿನ ಗೆರೆ ಅಂದಕ್ಕೆ ಮಾತ್ರ ಅಲ್ಲ. ತಣ್ಣಗಾದ ಈ ಹಿಟ್ಟು ಭಾರ, ತಾನಾಗಿ ಹೆಚ್ಚು ಹರಡುವುದಿಲ್ಲ. ಉಂಡೆಯಾಗಿಯೇ ಬಿಟ್ಟರೆ ಅಂಚು ಸುಟ್ಟು ನಡು ಹಸಿಯಾಗಿ ಉಳಿಯುತ್ತದೆ. ತಟ್ಟೆಗೆ ಬೇಕಿಂಗ್ ಪೇಪರ್ ಹಾಸಿ. ಅಂಗಡಿಯವರು ಬಟರ್ ಪೇಪರ್ ಎಂದು ಕೊಡುವ ತೆಳು ಕಾಗದಕ್ಕೆ ಸಿಲಿಕೋನ್ ಲೇಪ ಇರದಿದ್ದರೆ ಬೆಲ್ಲ ಅದಕ್ಕೆ ಅಂಟಿಕೊಂಡು ಕುಕೀಸ್‌ನ ತಳವೇ ಕಿತ್ತು ಬರುತ್ತದೆ.

170 ಡಿಗ್ರಿ, ಓಟಿಜಿಯ ಮೇಲಿನ, ಕೆಳಗಿನ ಎರಡೂ ಶಾಖದ ಕಡ್ಡಿ ಹೊತ್ತಿಸಿ, ನಡು ಅಂತಸ್ತಿನಲ್ಲಿ 11ರಿಂದ 13 ನಿಮಿಷ. ಅಂಚು ಕೆಂಪಾಗಿ, ನಡು ಬೆರಳಿಗೆ ಇನ್ನೂ ಮೆತ್ತಗಿರುವಾಗಲೇ ತೆಗೆಯಬೇಕು. ಗಟ್ಟಿಯಾಗಲಿ ಎಂದು ಒಳಗೇ ಬಿಟ್ಟರೆ ಆರಿದ ಮೇಲೆ ಹಲ್ಲು ಕೇಳುತ್ತದೆ. ತೆಗೆದ ತಕ್ಷಣ ಮುಟ್ಟಬೇಡಿ, ಬಿಸಿಯಲ್ಲಿ ಎತ್ತಿದರೆ ಪುಡಿಪುಡಿ. ಹತ್ತು ನಿಮಿಷ ತಟ್ಟೆಯಲ್ಲೇ ಇದ್ದು ಬಿಗಿಯಾಗಲಿ, ಆಮೇಲೆ ಜಾಲರಿಯ ಮೇಲೆ.

ಡಯಲ್ ಮೇಲಿನ 170 ಅನ್ನು ಇಲ್ಲಿ ನಂಬುವಂತಿಲ್ಲ. ಮಳೆಗಾಲದ ಸಂಜೆ ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ಓಟಿಜಿಯ ಕಡ್ಡಿ ಕೊಡುವ ಶಾಖ ಸುಮಾರು ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ವೋಲ್ಟೇಜ್ ಸ್ವಲ್ಪವೇ ಇಳಿದರೂ ಶಾಖ ಅದರ ವರ್ಗದ ಲೆಕ್ಕದಲ್ಲಿ ಇಳಿಯುವುದು ಇದಕ್ಕೆ ಕಾರಣ. ಒಳಗೆ ಇಡುವ ಓವನ್ ಥರ್ಮಾಮೀಟರ್ ಕೊಂಡುಕೊಳ್ಳಿ, ಅದು 170 ತೋರಿಸಿದ ಮೇಲೆಯೇ ತಟ್ಟೆ ಒಳಗೆ ಹೋಗಲಿ. ಮನೆಯ ಸಾಮಾನ್ಯ ಇನ್ವರ್ಟರ್‌ಗೆ ಓಟಿಜಿ ಹಚ್ಚುವ ಯೋಚನೆ ಬೇಡ. ಮಡಿಕೇರಿ 1,100 ಮೀಟರಿಗಿಂತ ಎತ್ತರದಲ್ಲಿದೆಯಲ್ಲ, ಹಿಟ್ಟು ಅತಿಯಾಗಿ ಉಬ್ಬದಂತೆ ಸೋಡಾ ಕಡಿಮೆ ಮಾಡಬೇಕೇ ಎಂದು ಕೇಳುವವರಿದ್ದಾರೆ. ಕೇಕಿಗಾದರೆ ಆ ಮಾತು ಸರಿ. ಕುಕೀಸ್‌ಗೆ ಚಮಚದ ತಲೆ ಮಟ್ಟ ಮಾಡಿದರೆ ಸಾಕು. ಹೆಚ್ಚಾದ ಸೋಡಾ ಉಬ್ಬುವಿಕೆಗಿಂತ ರುಚಿಯನ್ನು ಕೆಡಿಸುತ್ತದೆ, ಸಾಬೂನಿನ ವಾಸನೆ ಬರುತ್ತದೆ.

ಕುಕೀಸ್ ಒಡೆದು ಉದುರಿದರೆ ಪೀನಟ್ ಬಟರ್ ಸಾಕಷ್ಟು ರುಬ್ಬಿಲ್ಲ ಎಂದರ್ಥ, ಮುಂದಿನ ಸಲ ಎಣ್ಣೆ ಬಿಡುವವರೆಗೆ ತಿರುವಿ. ಕಲಸುವಾಗಲೇ ಒಣ ಅನ್ನಿಸಿದರೆ ಒಂದು ಚಮಚ ಹಾಲು ಸಾಕು. ಎಣ್ಣೆ ಕೈಗೆ ಹತ್ತಿ ಉಂಡೆ ಜಾರುತ್ತಿದ್ದರೆ ಹಿಟ್ಟು ಬೆಚ್ಚಗಿದೆ, ಇನ್ನೊಂದು ಕಾಲು ಗಂಟೆ ಫ್ರಿಜ್. ತಳ ಕಪ್ಪು, ಮೇಲೆ ಬಿಳಿ ಎಂದರೆ ತಟ್ಟೆ ಕೆಳಗಿನ ಕಡ್ಡಿಗೆ ಹತ್ತಿರವಿದೆ.

ರುಚಿಗೆ ಊರಿನದ್ದೇ ಸೇರಿಸಬಹುದು. ಕಾಲು ಚಮಚ ಹೊಸದಾಗಿ ಕುಟ್ಟಿದ ಕಾಳುಮೆಣಸು ಕಡಲೆಬೀಜಕ್ಕೆ ಬಹಳ ಹೊಂದುತ್ತದೆ, ಏಲಕ್ಕಿ ಬಿಟ್ಟು ಇದನ್ನು ಹಾಕಿ ನೋಡಿ. ಕಾಫಿ ಇಷ್ಟವಿದ್ದರೆ ಒಂದು ಚಮಚ ಇನ್‌ಸ್ಟಂಟ್ ಕಾಫಿ ಪುಡಿ. ಫಿಲ್ಟರ್ ಪುಡಿ ಕರಗುವುದಿಲ್ಲ, ಬಾಯಿಗೆ ಮಣ್ಣು ಸಿಕ್ಕ ಹಾಗೆ. ಮಾಲ್ಟ್ ಪುಡಿಗಳನ್ನು ಮಾತ್ರ ಸೇರಿಸಬೇಡಿ, ಹೆಚ್ಚಿನವು ಬಾರ್ಲಿ, ಗೋಧಿಯವು. ಬಿಡಿಯಾಗಿ ಮಾರುವ ಹೋಂಮೇಡ್ ಚಾಕೊಲೇಟ್ ಅನ್ನೂ ಸೀಲಿಯಾಕ್ ಇರುವವರಿಗೆ ಹಾಕಬೇಡಿ. ಅದೇ ಮೇಜಿನಲ್ಲಿ ಬಿಸ್ಕತ್ತು, ವೇಫರ್ ಬೆರೆಸಿ ಮಾಡಿರಬಹುದು, ಲೇಬಲ್ ಇಲ್ಲದೆ ತಿಳಿಯುವ ದಾರಿಯಿಲ್ಲ. ಹೋಂಸ್ಟೇಯಲ್ಲಿ ಅತಿಥಿಗಳಿಗೆ ಕೊಡುವವರು ಇನ್ನೊಂದು ನೆನಪಿಡಿ: ಗ್ಲೂಟೆನ್ ಇಲ್ಲ ಎಂದು ಹೇಳುವಷ್ಟೇ ಸ್ಪಷ್ಟವಾಗಿ ಕಡಲೆಬೀಜ ಇದೆ ಎಂದೂ ಹೇಳಬೇಕು. ಅದರ ಅಲರ್ಜಿ ಇರುವವರಿಗೆ ಜೀವಕ್ಕೇ ಅಪಾಯ.

ಆರೋಗ್ಯದ ಲೆಕ್ಕ ಕೇಳುವವರಿಗೆ: ಈ ಅಳತೆಯಲ್ಲಿ ಒಂದು ಕುಕೀಸ್‌ಗೆ ಅಂದಾಜು 115 ಕ್ಯಾಲರಿ, ನಾಲ್ಕು ಗ್ರಾಂಗೆ ಹತ್ತಿರ ಪ್ರೋಟೀನು, ಬೆಲ್ಲ ನಾಲ್ಕು ಗ್ರಾಂ. ಮೈದಾ, ಬೆಣ್ಣೆ, ಡಾಲ್ಡಾ ಇಲ್ಲ, ನಾರಿನಂಶ ಇದೆ. ಅಷ್ಟರ ಮಟ್ಟಿಗೆ ಇದು ಮೇಲು. ಬೆಲ್ಲವಾದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರು ಲೆಕ್ಕವಿಲ್ಲದೆ ತಿನ್ನಬಹುದು ಎಂದಲ್ಲ, ಬೆಲ್ಲವೂ ಸಕ್ಕರೆಯೇ. ಸಂಜೆ ಕಾಫಿಗೆ ಎರಡು, ಸಾಕು.

ಡಬ್ಬಿಗೆ ತುಂಬುವ ಮೊದಲು ಪೂರ್ತಿ ಒಂದು ಗಂಟೆ ಆರಬೇಕು. ಬೆಚ್ಚಗಿರುವಾಗ ಮುಚ್ಚಿದರೆ ಮುಚ್ಚಳದಡಿ ನೀರು ಕಟ್ಟುತ್ತದೆ. ಆದರೆ ಮಳೆ ಹಿಡಿದಾಗ ರಾತ್ರಿಯಿಡೀ ಬಯಲಿಗಿಡುವುದೂ ತಪ್ಪು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಬೇಸಿಗೆಯಲ್ಲಿ ಹತ್ತು ದಿನ, ಜುಲೈಯಲ್ಲಿ ನಾಲ್ಕೈದು ದಿನ ಇರುತ್ತದೆ. ಮೆತ್ತಗಾದರೆ 150 ಡಿಗ್ರಿಗೆ ಐದು ನಿಮಿಷ ಇಟ್ಟು ಆರಿಸಿ, ಮತ್ತೆ ಗರಿಗರಿ. ಕಮಟು ವಾಸನೆ ಬಂದಿದ್ದರೆ ಮಾತ್ರ ಬಿಸಿ ಮಾಡಿ ಪ್ರಯೋಜನವಿಲ್ಲ, ಎಣ್ಣೆ ಕೆಟ್ಟಿದೆ. ಒತ್ತಿದ ಹಸಿ ಕುಕೀಸನ್ನು ಫ್ರೀಜರಿನಲ್ಲಿ ಎರಡು ತಿಂಗಳು ಇಟ್ಟು, ಬೇಕಾದಾಗ ಹಾಗೆಯೇ ಮೂರು ನಿಮಿಷ ಹೆಚ್ಚು ಬೇಯಿಸಬಹುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಕರಗಿದರೆ ಮೊಟ್ಟೆ ಇರುವ ಹಿಟ್ಟನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಇನ್ನೂ ತಣ್ಣಗಿರುವಾಗಲೇ ಗ್ಯಾಸಿನ ಮೇಲೆ ಬೇಯಿಸಿ ಮುಗಿಸಿ. ದಪ್ಪ ತಳದ ಪಾತ್ರೆಗೆ ಒಂದು ಇಂಚು ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಆಮೇಲೆ ಕುಕೀಸ್ ತಟ್ಟೆಯನ್ನು ಸ್ಟ್ಯಾಂಡ್ ಮೇಲಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ 15ರಿಂದ 18 ನಿಮಿಷ. ಮೇಲ್ಭಾಗ ಕೆಂಪಾಗುವುದಿಲ್ಲ, ಅದಕ್ಕೆ ಕಾಯಬೇಡಿ; ಅಂಚು ಗಟ್ಟಿಯಾದರೆ ಬೆಂದಿದೆ.