ಬೂತಾಯಿ ಮೀನು ಕಲಿಸಿದ ರಸಾಯನ

ಮೀನಿನಲ್ಲಿ ಪಾದರಸ ಅಳೆಯುವ ಕೆಲಸ ಕೈಗೆ ಬಂದ ಮೊದಲ ತಿಂಗಳು ಎಲ್ಲ ಮೀನೂ ಶುದ್ಧವಾಗೇ ಕಂಡವು. ಖುಷಿಯ ವಿಷಯ ಅಲ್ವಾ? ಆದರೆ ಜೊತೆಗೆ ಇಟ್ಟಿದ್ದ, ಪಾದರಸ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ರೆಫರೆನ್ಸ್ ಮೀನುಪುಡಿಯೂ ಶುದ್ಧವಾಗಿ ಕಾಣತೊಡಗಿತು. ಅದರಲ್ಲಿ ಕಿಲೋಗೆ 0.41 ಮಿಲಿಗ್ರಾಂ ಇರಬೇಕು. ನನಗೆ ಸಿಕ್ಕಿದ್ದು 0.17.

ಮೊದಲು ಯಂತ್ರವನ್ನೇ ಬೈದೆ. ಕೋಲ್ಡ್ ವೇಪರ್ ವಿಧಾನದಲ್ಲಿ ಕೆಡುವಂಥದ್ದು ಹೆಚ್ಚೇನಿಲ್ಲ. ದ್ರಾವಣಕ್ಕೆ ಸ್ಟಾನಸ್ ಕ್ಲೋರೈಡ್ ಹಾಕಿದರೆ ಪಾದರಸದ ಅಯಾನು ಲೋಹವಾಗುತ್ತದೆ. ಉರಿಯೇ ಬೇಡ, ಹಾಗೇ ಗಾಳಿಯೊಂದಿಗೆ ಆವಿಯಾಗಿ ಕೊಳವೆಗೆ ಬರುತ್ತದೆ. ಅಲ್ಲಿ 253.7 ನ್ಯಾನೋಮೀಟರಿನ ಬೆಳಕನ್ನು ಹೀರುತ್ತದೆ. ಸ್ಟ್ಯಾಂಡರ್ಡ್, ಅಂದರೆ ಗೊತ್ತಿರುವಷ್ಟು ಪಾದರಸ ಬೆರೆಸಿದ ದ್ರಾವಣ ಹಾಕಿದರೆ ಎಲ್ಲ ಸರಿಯಾಗೇ ಬರುತ್ತಿತ್ತು.

ಸುಳಿವು ಅಲ್ಲೇ ಇತ್ತು. ಸ್ಟ್ಯಾಂಡರ್ಡ್‌ನಲ್ಲಿರುವುದು ಬರೀ ಪಾದರಸದ ಲವಣ. ಮೀನಿನಲ್ಲಿರುವುದು ಹೆಚ್ಚಾಗಿ ಮೀಥೈಲ್ ಮರ್ಕ್ಯುರಿ. ಇಂಗಾಲದ ಜೊತೆಗಿನ ಅದರ ನಂಟನ್ನು ಸ್ಟಾನಸ್ ಕ್ಲೋರೈಡ್ ಬಿಡಿಸಲಾರದು. ಬಿಡಿಸದ ಪಾದರಸ ಯಂತ್ರಕ್ಕೆ ಕಾಣುವುದೇ ಇಲ್ಲ. ಆ ನಂಟನ್ನು ಮೊದಲೇ ಒಡೆಯುವುದು ಪರ್ಮಾಂಗನೇಟ್ ಎಂಬ ನೇರಳೆ ಬಣ್ಣದ ಉತ್ಕರ್ಷಕದ ಕೆಲಸ.

ನಾನೇನು ಮಾಡಿದ್ದೆ? ಪುಸ್ತಕದಲ್ಲಿದ್ದಷ್ಟು ಅಳೆದು ಹಾಕಿ ಸುಮ್ನೆ ಕೂತಿದ್ದೆ. ಬೂತಾಯಿಯ ಎಣ್ಣೆ ಅದನ್ನೆಲ್ಲ ತಿಂದು ಹಾಕಿತ್ತು. ಪುಡಿಯ ಬಾಟಲಿಯಲ್ಲೂ ನೇರಳೆ ಹೋಗಿ ಕಂದು ಬಣ್ಣ ಬಂದಿತ್ತು. ಕಣ್ಣಾರೆ ನೋಡಿಯೂ ಮುಂದಿನ ಹಂತಕ್ಕೆ ಹೋಗಿದ್ದೆ, ಸಂಜೆ ಬಸ್ಸಿನ ಅವಸರ.

ಈಗ ಸಲ್ಫ್ಯೂರಿಕ್, ನೈಟ್ರಿಕ್ ಆಮ್ಲದಲ್ಲಿ ಮೀನು ಕರಗಿದ ಮೇಲೆ ತಣ್ಣಗಾಗಲು ಬಿಡುತ್ತೇನೆ. ಆಮೇಲೆ ನೇರಳೆ ಬಣ್ಣ 15 ನಿಮಿಷ ನಿಲ್ಲುವ ತನಕ ಪರ್ಮಾಂಗನೇಟ್ ಹಾಕುತ್ತಲೇ ಇರುತ್ತೇನೆ. ಒಡೆಯುವ ಕೆಲಸ ಪೂರ್ತಿಯಾಗಲೆಂದು ಪರ್ಸಲ್ಫೇಟ್ ಎಂಬ ಇನ್ನೊಂದು ಉತ್ಕರ್ಷಕ ಸೇರಿಸಿ ರಾತ್ರಿಯಿಡೀ ಬಿಡುತ್ತೇನೆ. ಉಳಿದ ನೇರಳೆ ಕಳೆಯಲು ಬೆಳಿಗ್ಗೆ ಹೈಡ್ರಾಕ್ಸಿಲಮೀನ್.

ಇಲ್ಲೂ ಒಂದು ಕಿತಾಪತಿ ಇದೆ. ಕಡಲ ಮೀನು, ಉಪ್ಪು ಜಾಸ್ತಿ. ಪರ್ಮಾಂಗನೇಟ್ ಆ ಉಪ್ಪಿನಿಂದ ಕ್ಲೋರಿನ್ ಹೊರಡಿಸುತ್ತದೆ. ಕ್ಲೋರಿನ್ ಕೂಡ ಅದೇ ಬೆಳಕನ್ನು ಹೀರುತ್ತದೆ! ಪಾದರಸವೇ ಇಲ್ಲದ ಉಪ್ಪುನೀರು ಒಮ್ಮೆ ನನಗೆ ಚೆನ್ನಾಗೇ ಪಾದರಸ ತೋರಿಸಿತ್ತು. ಅದಕ್ಕೇ ಹೈಡ್ರಾಕ್ಸಿಲಮೀನ್ ತುಸು ಹೆಚ್ಚೇ ಹಾಕಿ, ಬಾಟಲಿಯ ಮೇಲ್ಭಾಗದ ಗಾಳಿ ಹೊರಗೆ ಕಳಿಸಿ, ನಂತರವೇ ಸ್ಟಾನಸ್ ಕ್ಲೋರೈಡ್ ಮುಟ್ಟುತ್ತೇನೆ.

ಹೀಗೆ ಮಾಡಿದ ಮೊದಲ ದಿನ ಪುಡಿ 0.39 ಕೊಟ್ಟಿತು. ಆ ತಿಂಗಳ ಹಳೆಯ ಮೀನುಗಳನ್ನೆಲ್ಲ ಫ್ರೀಜರಿನಿಂದ ತೆಗೆದು ಮತ್ತೆ ತೂಗಲು ಕೂತೆ.