18-46 ಚೀಲದಲ್ಲಿ ಯಾವುದು ಜಾಸ್ತಿ? ಮೋಲ್ ಲೆಕ್ಕ ಹಾಕುವುದು ಹೀಗೆ

ವಿಜಯಪುರದ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರಿಗೆ ಎರಡು ಗೊಬ್ಬರ ಚೆನ್ನಾಗಿ ಗೊತ್ತು. ಒಂದು ಡಿಎಪಿ, ಚೀಲದ ಮೇಲೆ 18-46-0 ಅಂತ ಇರುತ್ತದೆ. ಇನ್ನೊಂದು ಡ್ರಿಪ್‌ನಲ್ಲಿ ಬಿಡುವ 12-61-0. ಈ ಮೂರು ಅಂಕಿಗಳು ಸಾಲಾಗಿ ಸಾರಜನಕ, ರಂಜಕ, ಪೊಟ್ಯಾಷ್ ಶೇಕಡಾ ಎಷ್ಟು ಅಂತ ಸೂಚಿಸುತ್ತವೆ. ಪಿಯು ಓದುವ ಮಕ್ಕಳಿಗೆ ಮೋಲ್ ಅನುಪಾತ ಹೇಳಿಕೊಡಲು ನಾನು ಈ ಚೀಲಗಳನ್ನೇ ಮುಂದಿಡುತ್ತೇನೆ.

18-46 ನೋಡಿದರೆ ರಂಜಕವೇ ಜಾಸ್ತಿ ಅನಿಸುತ್ತದೆ, ಅಲ್ವಾ? ಪರಮಾಣು ಎಣಿಸಿದರೆ ಸಾರಜನಕವೇ ಎರಡು ಪಟ್ಟು ಇದೆ. ತೂಕ ಬೇರೆ, ಎಣಿಕೆ ಬೇರೆ. ಒಂದು ಡಜನ್ ಇಂಡಿ ಲಿಂಬೆ, ಒಂದು ಡಜನ್ ಕುಂಬಳಕಾಯಿ: ಎಣಿಕೆ ಒಂದೇ, ತಕ್ಕಡಿಗೆ ಹಾಕಿದರೆ ಬೇರೆ. ಮೋಲ್ ಕೂಡ ಡಜನ್ ಇದ್ದ ಹಾಗೆ. 12ರ ಬದಲು 6.022×10²³, ಅಷ್ಟೆ.

ಮೊದಲು 100 ಗ್ರಾಂ ಡಿಎಪಿ ತೆಗೆದುಕೊಳ್ಳಿ. ಆಗ ಶೇಕಡಾವಾರು ಅಂಕಿಗಳೇ ಗ್ರಾಂ ಆಗುತ್ತವೆ. ಸಾರಜನಕ 18 ಗ್ರಾಂ. ಅದರ ಪರಮಾಣು ತೂಕ 14, ಅಂದರೆ ಒಂದು ಮೋಲ್‌ಗೆ 14 ಗ್ರಾಂ. ಭಾಗಿಸಿದರೆ 1.286 ಮೋಲ್.

ಈಗ ರಂಜಕ. ತುಂಬಾ ಮಕ್ಕಳು ಎಡವುವುದು ಇಲ್ಲೇ. ಚೀಲದ 46 ಬರೀ ರಂಜಕದ ತೂಕ ಅಲ್ಲ. ಹಳೆಯ ರೂಢಿಯಂತೆ ಅದನ್ನು ಪಿ₂ಒ₅, ಅಂದರೆ ರಂಜಕದ ಆಕ್ಸೈಡ್ ಲೆಕ್ಕದಲ್ಲಿ ಬರೆಯುತ್ತಾರೆ. ಸುಮ್ನೆ 46ನ್ನು ರಂಜಕದ ಪರಮಾಣು ತೂಕ 31ರಿಂದ ಭಾಗಿಸಿದರೆ ಉತ್ತರ ಪೂರ್ತಿ ದಾರಿ ತಪ್ಪುತ್ತದೆ. ಪಿ₂ಒ₅ ತೂಕ ಹೀಗೆ: ಎರಡು ಸಲ ರಂಜಕದ 31, ಐದು ಸಲ ಆಮ್ಲಜನಕದ 16, ಒಟ್ಟು 142. 46ನ್ನು 142ರಿಂದ ಭಾಗಿಸಿದರೆ 0.324. ಒಂದೊಂದರಲ್ಲೂ ಎರಡು ರಂಜಕ ಇರುವುದರಿಂದ ಅದನ್ನು ಇಮ್ಮಡಿ ಮಾಡಿ: 0.648 ಮೋಲ್.

ಕೊನೆಗೆ ಎರಡನ್ನೂ ಚಿಕ್ಕ ಸಂಖ್ಯೆಯಿಂದ ಭಾಗಿಸಿ. 1.98ಕ್ಕೆ 1, ಅಂದರೆ 2ಕ್ಕೆ 1. ಶುದ್ಧ ಡಿಎಪಿಯಲ್ಲಿ ಸಾರಜನಕ ಶೇ 21ರಷ್ಟು ಇರುತ್ತದೆ, ಚೀಲದಲ್ಲಿ 18. ಹಾಗಿದ್ದರೂ ಅನುಪಾತ ಕೆಟ್ಟಿಲ್ಲ ನೋಡಿ.

12-61ಕ್ಕೂ ಇದೇ ದಾರಿ. ಸಾರಜನಕ 0.857, ರಂಜಕ 0.859. ಸರಿಯಾಗಿ 1ಕ್ಕೆ 1! ಇದರ ಹೆಸರು ಮೋನೋ ಅಮೋನಿಯಂ ಫಾಸ್ಫೇಟ್, ಡಿಎಪಿಯದು ಡೈ ಅಮೋನಿಯಂ ಫಾಸ್ಫೇಟ್. ಮೋನೋ ಅಂದರೆ ಒಂದು, ಡೈ ಅಂದರೆ ಎರಡು. ಹೆಸರಲ್ಲಿದ್ದ ಗುಟ್ಟು ಲೆಕ್ಕದಲ್ಲಿ ಹೊರಬಂತು.

ಕೈ ಕುದುರಿದ ಮೇಲೆ 19-19-19 ಎತ್ತಿಕೊಳ್ಳಿ. ಅಲ್ಲಿ ಪೊಟ್ಯಾಷ್ ಕೂಡ ಆಕ್ಸೈಡ್ ಲೆಕ್ಕದಲ್ಲೇ ಇರುತ್ತದೆ, ಕೆ₂ಒ ತೂಕ 94. ಮೂರೂ ಸಮ ಅಂತ ಕಾಣುವ ಆ ಗೊಬ್ಬರದಲ್ಲಿ ಒಂದು ರಂಜಕಕ್ಕೆ ಸುಮಾರು ಒಂದೂವರೆ ಪೊಟ್ಯಾಷಿಯಂ, ಐದು ಸಾರಜನಕ ಸಿಗುತ್ತವೆ.